ಗೂನುಬೆನ್ನು: ಇತಿಹಾಸ

ಬೆನ್ನುಮೂಳೆಯ ಎದೆಭಾಗ ಅಳತೆ ಮೀರಿ ಮುಂದಕ್ಕೆ ಬಾಗಿ ಬೆನ್ನು ಉಬ್ಬಿಕೊಳ್ಳುವ ಸ್ಥಿತಿಯೇ ಗೂನು. ವೈದ್ಯರು ಇದನ್ನು ಕೈಫೋಸಿಸ್ ಎನ್ನುತ್ತಾರೆ. ಸುಮಾರು 20ರಿಂದ 40 ಡಿಗ್ರಿಯಷ್ಟು ಬಾಗು ಎಲ್ಲರಿಗೂ ಇರುವಂಥದೇ. ಒಂದೇ ಆಕಾರದ ಹಿಂದೆ ಹಲವು ರೋಗಗಳಿವೆ ಎಂದು ತಿಳಿಯಲು ಮಾತ್ರ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಚರಕಸಂಹಿತೆ ಕುಬ್ಜತ್ವವನ್ನು, ಅಂದರೆ ಗೂನನ್ನು, 80 ವಾತರೋಗಗಳ ಸಾಲಿಗೆ ಸೇರಿಸುತ್ತದೆ. ಭಾಗವತದ ಕೃಷ್ಣ ಮಥುರೆಯ ಗೂನುಬೆನ್ನಿನ ಹೆಣ್ಣು ಕುಬ್ಜೆಯ ಪಾದಗಳನ್ನು ಮೆಟ್ಟಿಹಿಡಿದು, ಗಲ್ಲಕ್ಕೆ ಎರಡು ಬೆರಳು ಕೊಟ್ಟು ಮೇಲೆತ್ತಿ ನೆಟ್ಟಗಾಗಿಸುತ್ತಾನೆ. ಪವಾಡದ ಮಾತು ಹಾಗಿರಲಿ, ಗೂನನ್ನು ಎಳೆದು ಸರಿಪಡಿಸುವ ಯೋಚನೆ ಗ್ರೀಸಿನ ವೈದ್ಯರಿಗೂ ಇತ್ತು. ಹಿಪೊಕ್ರಟಿಸನ ಹೆಸರಿನಲ್ಲಿರುವ, ಕೀಲುಗಳ ಕುರಿತ ಗ್ರಂಥ ರೋಗಿಯನ್ನು ಏಣಿಗೆ ಬಿಗಿದು ಎತ್ತರದಿಂದ ಕುಕ್ಕುವ ಪದ್ಧತಿಯನ್ನು ವಿವರಿಸುತ್ತದೆ. ಅದು ಜನರನ್ನು ಬೆರಗುಗೊಳಿಸುವವರ ಆಟವೆಂದು ಹಳಿಯುತ್ತದೆ ಕೂಡ. ಹಲಗೆಯ ಮೇಲೆ ಬೋರಲು ಮಲಗಿಸಿ, ಎರಡೂ ಕಡೆಯಿಂದ ಎಳೆಯುತ್ತ ಗೂನನ್ನು ಒತ್ತುವುದೇ ಮೇಲೆಂಬುದು ಅದರ ನಿಲುವು. ಗೂನಿಗೂ ಶ್ವಾಸಕೋಶದ ಗಂಟುಗಳಿಗೂ ಇರುವ ನಂಟನ್ನು ಅದು ಗುರುತಿಸಿದ್ದು ಇದಕ್ಕಿಂತ ದೊಡ್ಡ ಸಂಗತಿ. ಆ ಸುಳಿವನ್ನು ಬಹುಕಾಲ ಯಾರೂ ಬೆಳೆಸಲಿಲ್ಲ.

1779ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಗೂನಿನೊಂದಿಗೆ ಕಾಲಿನ ಬಲವೂ ಕುಂದಿದ ರೋಗಿಗಳನ್ನು ಬಣ್ಣಿಸಿ, ಕೆಟ್ಟಿರುವುದು ಮೂಳೆಯೇ ಎಂದ. ಗೂನಿನ ಇಕ್ಕೆಲಗಳಲ್ಲಿ ಗಾಯ ಮಾಡಿ ಕೀವು ಸುರಿಸುವುದು ಅವನ ಚಿಕಿತ್ಸೆ. ಅವನ ರೋಗವಿವರಣೆ ಉಳಿಯಿತು, ಚಿಕಿತ್ಸೆ ಉಳಿಯಲಿಲ್ಲ. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಿದ ಮೇಲೆ ಈ ಗೂನಿಗೆ ಕ್ಷಯವೇ ಕಾರಣವೆಂಬುದು ಸ್ಪಷ್ಟವಾಯಿತು. ಸುಮಾರು 3,000 ವರ್ಷ ಹಿಂದಿನ ಈಜಿಪ್ಟಿನ ಅಮುನ್ ದೇವಾಲಯದ ಪುರೋಹಿತನೊಬ್ಬನ ಮಮ್ಮಿಯಲ್ಲೂ ಇದೇ ರೋಗದ ಗುರುತುಗಳಿರುವುದನ್ನು 1910ರಲ್ಲಿ ವರದಿಮಾಡಲಾಯಿತು. ಮರುವರ್ಷ ನ್ಯೂಯಾರ್ಕಿನಲ್ಲಿ ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬಿ, ಬೆನ್ನು ಇನ್ನಷ್ಟು ಕುಸಿಯದಂತೆ ಬೆನ್ನುಮೂಳೆಯ ಮಣಿಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯನ್ನು ಬೇರೆಬೇರೆಯಾಗಿ ರೂಪಿಸಿದರು. ಕ್ಷಯದ ಔಷಧಗಳು ಬಂದ ಬಳಿಕ ಲೆಕ್ಕಾಚಾರವೇ ಬದಲಾಯಿತು: ವಾರಾಣಸಿಯ ಎಸ್. ಎಂ. ತುಲಿ 1975ರಲ್ಲಿ ಪ್ರಕಟಿಸಿದ ‘ಮಧ್ಯಮಮಾರ್ಗ’ದಲ್ಲಿ ಮೊದಲು ಔಷಧ, ಅಗತ್ಯವಿದ್ದವರಿಗಷ್ಟೇ ಶಸ್ತ್ರಚಿಕಿತ್ಸೆ.

ಕ್ಷಯವಿಲ್ಲದ ಹುಡುಗರೂ ಗೂನಾಗುತ್ತಿದ್ದರಲ್ಲ? ಡೆನ್ಮಾರ್ಕಿನ ಹೊಲ್ಗರ್ ಶೊಯರ್ಮನ್ 1920ರಲ್ಲಿ ಎಕ್ಸ್‌ರೇ ನೆರವಿನಿಂದ ಹದಿಹರೆಯದ ಗೂನನ್ನು ಬೇರೆಯೇ ರೋಗವೆಂದು ಗುರುತಿಸಿದ. ಮಣಿಗಳ ಮುಂಭಾಗ ಕುಗ್ಗಿ ಬೆಣೆಯಾಕಾರ ತಳೆದಿರುವುದರಿಂದ ಈ ಗೂನು ನೆಟ್ಟಗೆ ಕೂತರೂ ನೇರವಾಗದು. ಕೋಪನ್‌ಹೇಗನ್ ವಿಶ್ವವಿದ್ಯಾಲಯ ಈ ಕುರಿತ ಅವನ ಪ್ರಬಂಧವನ್ನು ಮೊದಲು ತಿರಸ್ಕರಿಸಿತು; ಆದರೆ 1957ರಲ್ಲಿ, ಅವನಿಗೆ 80 ತುಂಬಿದಾಗ, ಗೌರವ ಡಾಕ್ಟರೇಟ್ ಕೊಟ್ಟಿತು.

ಮುದುಕಿಯರ ಗೂನನ್ನು ವಯಸ್ಸಿನ ಸಹಜ ಗುಣವೆಂದೇ ಬಿಡಲಾಗಿತ್ತು. 1940ರ ದಶಕದ ಆರಂಭದಲ್ಲಿ ಅಮೆರಿಕದ ಫುಲರ್ ಆಲ್ಬ್ರೈಟ್, ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿಯುವುದಕ್ಕೂ ಮೂಳೆ ಸವೆದು ಮಣಿಗಳು ಕುಸಿಯುವುದಕ್ಕೂ ಸಂಬಂಧ ಕಲ್ಪಿಸಿದ. 1990ರ ದಶಕದ ಕೊನೆಗೆ, ಕುಸಿದ ಮಣಿಯೊಳಗೆ ಪುಟ್ಟ ಬಲೂನು ಉಬ್ಬಿಸಿ ಸಿಮೆಂಟು ತುಂಬುವ ಕೈಫೋಪ್ಲಾಸ್ಟಿ ಬಳಕೆಗೆ ಬಂತು.