ಅಂತರಜಾಲ ವೀಡಿಯೊ ಪ್ರಸಾರದ ಅಡಚಣೆಗಳು

ಅಂತರಜಾಲದ ಮೂಲಕ ಸ್ಟ್ರೀಮ್ ಆಗುವ ವೀಡಿಯೊ ನಡುನಡುವೆ ನಿಲ್ಲುವುದು, ಮಸುಕಾಗುವುದು, ಧ್ವನಿ ಮಾತ್ರ ಕೇಳಿಸಿ ಪರದೆ ಕಪ್ಪಾಗಿ ಉಳಿಯುವುದು ಅಥವಾ ಆರಂಭವೇ ಆಗದಿರುವುದು ವೀಡಿಯೊ ಪ್ರಸಾರದ ಸಾಮಾನ್ಯ ಅಡಚಣೆಗಳಾಗಿವೆ. ಇವೆಲ್ಲಕ್ಕೂ ಸಂಪರ್ಕದ ವೇಗವೇ ಕಾರಣವೆಂದು ಭಾವಿಸುವುದು ವಾಡಿಕೆ. ಆದರೆ ಸಾಧನದ ಡಿಕೋಡರ್, ಹಕ್ಕುರಕ್ಷಣಾ ವ್ಯವಸ್ಥೆ ಮತ್ತು ಹಳತಾದ ತಂತ್ರಾಂಶಗಳೂ ಕಾರಣವಾಗಬಲ್ಲವು. ಒಂದೇ ವೈ-ಫೈ ಸಂಪರ್ಕದಲ್ಲಿ ಮೊಬೈಲಿನಲ್ಲಿ ಚೆನ್ನಾಗಿ ಕಾಣುವ ಚಲನಚಿತ್ರ ಟಿ.ವಿ.ಯಲ್ಲಿ ಕೆಡುವುದು ಹಲವು ಬಾರಿ ಇದರಿಂದಲೇ.

ಕಾರ್ಯವಿಧಾನ

ಇಂದಿನ ಸೇವೆಗಳು ಪ್ರತಿ ವೀಡಿಯೊವನ್ನು ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿ, ಕೆಲವೇ ಸೆಕೆಂಡುಗಳ ತುಣುಕುಗಳಾಗಿ ವಿಭಜಿಸಿ ಇರಿಸುತ್ತವೆ. ಪ್ಲೇಯರ್ ತನಗೆ ದೊರೆಯುತ್ತಿರುವ ವೇಗವನ್ನು ಅಳೆದು ಮುಂದಿನ ತುಣುಕನ್ನು ಯಾವ ಗುಣಮಟ್ಟದಲ್ಲಿ ತರಿಸಬೇಕೆಂದು ನಿರ್ಧರಿಸುತ್ತದೆ. ಆಪಲ್ ಸಂಸ್ಥೆಯು 2009ರಲ್ಲಿ ಪರಿಚಯಿಸಿದ ಎಚ್‌ಎಲ್‌ಎಸ್ ಹಾಗೂ 2012ರಲ್ಲಿ ಅಂತಾರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಎಂಪೆಗ್-ಡ್ಯಾಶ್ ಈ ವಿಧಾನದ ಪ್ರಮುಖ ರೂಪಗಳು. ಆದ್ದರಿಂದ ಚಿತ್ರವು ತುಸು ಹೊತ್ತು ಮಸುಕಾಗುವುದು ದೋಷವಲ್ಲ. ನಿಲ್ಲುವುದನ್ನು ತಪ್ಪಿಸಲು ವ್ಯವಸ್ಥೆಯೇ ಮಾಡಿಕೊಂಡ ಹೊಂದಾಣಿಕೆ. ಮುಂಚಿತವಾಗಿ ತಂದಿಟ್ಟ ತುಣುಕುಗಳ ಸಂಗ್ರಹ, ಅಂದರೆ ಬಫರ್, ಬರಿದಾದಾಗ ಮಾತ್ರ ವೀಡಿಯೊ ನಿಂತು ತಿರುಗುವ ಚಕ್ರ ಕಾಣಿಸಿಕೊಳ್ಳುತ್ತದೆ.

ಸಂಪರ್ಕದ ಕೊರತೆ

ನೆಟ್‌ಫ್ಲಿಕ್ಸ್ 1080ಪಿ ಗುಣಮಟ್ಟಕ್ಕೆ ಸೆಕೆಂಡಿಗೆ 5 ಮೆಗಾಬಿಟ್, 4ಕೆ ಗುಣಮಟ್ಟಕ್ಕೆ 15 ಮೆಗಾಬಿಟ್ ವೇಗವನ್ನು ಶಿಫಾರಸು ಮಾಡುತ್ತದೆ. ಮನೆಗೆ ಇದಕ್ಕಿಂತ ಹೆಚ್ಚಿನ ವೇಗ ಬರುತ್ತಿದ್ದರೂ ರೂಟರಿನಿಂದ ಟಿ.ವಿ.ವರೆಗಿನ ಹಾದಿಯಲ್ಲಿ ಅದು ಕುಗ್ಗಬಹುದು. 2.4 ಗಿಗಾಹರ್ಟ್ಸ್ ತರಂಗಗಳು ಗೋಡೆಗಳನ್ನು ಹೆಚ್ಚು ಸುಲಭವಾಗಿ ದಾಟುತ್ತವೆ; ಆದರೆ ನೆರೆಮನೆಗಳ ರೂಟರ್‌ಗಳು, ಬ್ಲೂಟೂತ್ ಹಾಗೂ ಮೈಕ್ರೋವೇವ್ ಒಲೆಯೂ ಅದೇ ತರಂಗಾಂತರವನ್ನು ಬಳಸುವುದರಿಂದ ಅಲ್ಲಿ ದಟ್ಟಣೆ ಹೆಚ್ಚು. 5 ಗಿಗಾಹರ್ಟ್ಸ್ ವೇಗವಾದದ್ದಾದರೂ ಗೋಡೆಗಳ ಆಚೆ ದುರ್ಬಲವಾಗುತ್ತದೆ. ರೂಟರಿನಿಂದ ಟಿ.ವಿ.ಗೆ ನೇರವಾಗಿ ಕೇಬಲ್ ಎಳೆಯುವುದು ಇದಕ್ಕೆ ಹಳೆಯದಾದರೂ ಖಚಿತವಾದ ಪರಿಹಾರ.

ಕೊರತೆಯು ಕೆಲವೊಮ್ಮೆ ಇಡೀ ಜಾಲದ್ದಾಗಿರುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಸಂದರ್ಭದಲ್ಲಿ ಭಾರತದ ಪ್ರಮುಖ ವೀಡಿಯೊ ಸೇವೆಗಳು ಮೊಬೈಲ್ ಜಾಲಗಳ ಮೇಲಿನ ಒತ್ತಡ ತಗ್ಗಿಸಲು ಏಪ್ರಿಲ್ 14ರವರೆಗೆ ಗುಣಮಟ್ಟವನ್ನು 480ಪಿಗೆ ಸೀಮಿತಗೊಳಿಸಲು ಒಪ್ಪಿದ್ದವು.

ಡಿಕೋಡರ್

ವೀಡಿಯೊವನ್ನು ಸಂಕುಚಿತಗೊಳಿಸಲು ಎಚ್.264 (2003), ಎಚ್‌ಇವಿಸಿ (2013), ವಿಪಿ9 (2013), ಎವಿ1 (2018) ಮುಂತಾದ ಕೋಡೆಕ್‌ಗಳು ಬಳಕೆಯಲ್ಲಿವೆ. ಹೊಸ ಕೋಡೆಕ್ ಕಡಿಮೆ ದತ್ತಾಂಶದಲ್ಲಿ ಉತ್ತಮ ಚಿತ್ರ ನೀಡುತ್ತದೆ, ಆದರೆ ಅದನ್ನು ಬಿಡಿಸಲು ಹೆಚ್ಚಿನ ಗಣನೆ ಬೇಕು. ಅದಕ್ಕೆಂದೇ ರೂಪಿಸಿದ ಯಂತ್ರಾಂಶವು ಚಿಪ್‌ನಲ್ಲಿ ಇಲ್ಲದಿದ್ದರೆ ಮುಖ್ಯ ಪ್ರೊಸೆಸರ್ ಆ ಹೊರೆಯನ್ನು ಹೊರಬೇಕಾಗುತ್ತದೆ. ಸಾಧನ ಬಿಸಿಯಾಗಿ ಚಿತ್ರ ತಡವರಿಸುತ್ತದೆ.

ಸಂಪರ್ಕದ ದೋಷವನ್ನೂ ಡಿಕೋಡರಿನ ದೋಷವನ್ನೂ ಬೇರ್ಪಡಿಸಲು ಯೂಟ್ಯೂಬಿನ ‘ಸ್ಟಾಟ್ಸ್ ಫಾರ್ ನರ್ಡ್ಸ್’ ಫಲಕ ಉಪಯುಕ್ತ. ಬಫರಿನಲ್ಲಿ ಸಾಕಷ್ಟು ಸೆಕೆಂಡುಗಳಿದ್ದೂ ಕೈಬಿಟ್ಟ ಫ್ರೇಮುಗಳ ಸಂಖ್ಯೆ ಏರುತ್ತಿದ್ದರೆ ದೋಷ ಸಾಧನದ್ದು. ಆಗ ದುಬಾರಿ ಬ್ರಾಡ್‌ಬ್ಯಾಂಡ್ ಯೋಜನೆಗೆ ಬದಲಾಯಿಸಿದರೂ ಪ್ರಯೋಜನವಿಲ್ಲ. ಗುಣಮಟ್ಟವನ್ನು ಒಂದು ಹಂತ ಇಳಿಸುವುದೇ ಸರಿ.

ಹಕ್ಕುರಕ್ಷಣೆ

ಬಳಕೆದಾರರನ್ನು ಅತಿ ಹೆಚ್ಚು ಗೊಂದಲಕ್ಕೀಡು ಮಾಡುವುದು ಈ ವಿಭಾಗ. ಚಂದಾ ಸೇವೆಗಳ ವೀಡಿಯೊಗಳು ಗೂಗಲ್‌ನ ವೈಡ್‌ವೈನ್, ಆಪಲ್‌ನ ಫೇರ್‌ಪ್ಲೇ, ಮೈಕ್ರೋಸಾಫ್ಟ್‌ನ ಪ್ಲೇರೆಡಿ ಎಂಬ ಬೀಗಗಳೊಡನೆ ಬರುತ್ತವೆ. ವೈಡ್‌ವೈನ್‌ನ ಎಲ್1 ಹಂತದಲ್ಲಿ ಸಂಸ್ಕರಣೆಯೆಲ್ಲ ಚಿಪ್‌ನ ಸುರಕ್ಷಿತ ಭಾಗದಲ್ಲೇ ನಡೆಯುತ್ತದೆ; ಎಲ್3ರಲ್ಲಿ ತಂತ್ರಾಂಶದಲ್ಲಿ ನಡೆಯುತ್ತದೆ. ಎಲ್3 ಸಾಧನಗಳಿಗೆ ಅನೇಕ ಸೇವೆಗಳು ಎಚ್‌ಡಿ ಗುಣಮಟ್ಟವನ್ನು ಕಳುಹಿಸುವುದೇ ಇಲ್ಲ. ಹೀಗಾಗಿ ಪರದೆ ಎಷ್ಟೇ ಉತ್ತಮವಾಗಿದ್ದರೂ, ಚಂದಾ ಎಷ್ಟೇ ಹೆಚ್ಚಿನದಾಗಿದ್ದರೂ ಚಿತ್ರ ಮಸುಕಾಗಿಯೇ ಉಳಿಯಬಹುದು. ಎಚ್‌ಡಿಎಂಐ ಕೇಬಲಿನಲ್ಲಿ ಇದೇ ಬಗೆಯ ಕಾವಲು ಎಚ್‌ಡಿಸಿಪಿಯದು. ಅದನ್ನು ಬೆಂಬಲಿಸದ ಪ್ರೊಜೆಕ್ಟರ್ ಅಥವಾ ಮಾನಿಟರ್ ನಡುವೆ ಬಂದರೆ ಪರದೆ ಕಪ್ಪಾಗಬಹುದು. ಸ್ಕ್ರೀನ್ ರೆಕಾರ್ಡಿಂಗ್ ಚಾಲನೆಯಲ್ಲಿದ್ದಾಗಲೂ ಹೀಗಾಗುವುದುಂಟು.

ಬ್ರೌಸರ್‌ಗಳಲ್ಲಿ ಈ ಬೀಗಗಳಿಗೆ ಅವಕಾಶ ನೀಡುವ ಮಾನಕವನ್ನು ಡಬ್ಲ್ಯೂ3ಸಿ 2017ರಲ್ಲಿ ಅಂಗೀಕರಿಸಿದಾಗ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಪ್ರತಿಭಟಿಸಿ ಅದರ ಸದಸ್ಯತ್ವವನ್ನು ತೊರೆಯಿತು.

ಹಳೆಯ ಸಾಧನಗಳು

ಗಡಿಯಾರ ತಪ್ಪಿದ್ದರೆ ಸುರಕ್ಷತಾ ಪ್ರಮಾಣಪತ್ರಗಳು ಅಮಾನ್ಯವೆನಿಸಿ ಸಂಪರ್ಕವೇ ಏರ್ಪಡುವುದಿಲ್ಲ. ದಿನಾಂಕ ಸರಿಪಡಿಸಿದರೆ ಸಾಕಾಗುತ್ತದೆ. ಆದರೆ ಸಾಧನದೊಳಗಿನ ಮೂಲ ಪ್ರಮಾಣಪತ್ರದ ಅವಧಿಯೇ ಮುಗಿದರೆ ತಂತ್ರಾಂಶದ ನವೀಕರಣ ಬೇಕು. ವ್ಯಾಪಕ ಬಳಕೆಯಲ್ಲಿದ್ದ ಅಂತಹ ಒಂದು ಪ್ರಮಾಣಪತ್ರ 2021ರ ಸೆಪ್ಟೆಂಬರ್ 30ರಂದು ಕೊನೆಗೊಂಡಾಗ ಹಲವು ಹಳೆಯ ಸಾಧನಗಳು ತೊಂದರೆಗೊಳಗಾದವು. 2015ರ ಏಪ್ರಿಲ್‌ನಲ್ಲಿ ಯೂಟ್ಯೂಬ್ ತನ್ನ ಹಳೆಯ ಎಪಿಐ ಹಿಂತೆಗೆದುಕೊಂಡಾಗಲೂ ಕೆಲವು ಟಿ.ವಿ.ಗಳಲ್ಲಿನ ಆ್ಯಪ್ ಶಾಶ್ವತವಾಗಿ ನಿಂತುಹೋಯಿತು. ತಯಾರಕರು ನವೀಕರಣ ನಿಲ್ಲಿಸಿದ ಟಿ.ವಿ.ಗಳ ಪರದೆ ಸುಸ್ಥಿತಿಯಲ್ಲಿದ್ದರೆ, ಎಚ್‌ಡಿಎಂಐ ಕಿಂಡಿಗೆ ಸ್ಟ್ರೀಮಿಂಗ್ ಸ್ಟಿಕ್ ಜೋಡಿಸಿ ಬಳಕೆಯನ್ನು ಮುಂದುವರಿಸಬಹುದು.