ಗಿರಣಿಯ ಹೆಂಗಸರು, ಬಾಸ್ಟನ್ನಿನ ಮಕ್ಕಳು

ಕ್ಯಾನ್ಸರ್ ರೋಗವನ್ನು ಕುರಿತು ಈಚಿನ ವರ್ಷಗಳಲ್ಲಿ ಇಂಗ್ಲಿಷಿನಲ್ಲಿ ಅನೇಕ ವಿದ್ವತ್ಪೂರ್ಣ ಗ್ರಂಥಗಳು ಹೊರಬಂದಿವೆ. ರಾಬರ್ಟ್ ವೈನ್‌ಬರ್ಗ್ ಅವರ ‘ದಿ ಬಯಾಲಜಿ ಆಫ್ ಕ್ಯಾನ್ಸರ್’ ವಿದ್ಯಾರ್ಥಿಗಳ ಪಠ್ಯ. ಅದರ ಮೂರನೆಯ ಆವೃತ್ತಿ 2023ರಲ್ಲಿ ಪ್ರಕಟವಾಯಿತು. ಸಿದ್ಧಾರ್ಥ ಮುಖರ್ಜಿಯವರ ‘ದಿ ಎಂಪರರ್ ಆಫ್ ಆಲ್ ಮ್ಯಾಲಡೀಸ್’ (2010) ಸಾಮಾನ್ಯ ಓದುಗರಿಗೂ ನಿಲುಕುವ ಇತಿಹಾಸ. ಅದಕ್ಕೆ 2011ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು. ಜೀವಕೋಶ ಹೇಗೆ ಹದ್ದು ಮೀರುತ್ತದೆ ಎಂಬುದನ್ನು ಮೊದಲನೆಯದು ವಿವರಿಸಿದರೆ, ಮನುಷ್ಯ ಅದನ್ನು ಹೇಗೆ ಎದುರಿಸಿದ ಎಂಬುದನ್ನು ಎರಡನೆಯದು ನಿರೂಪಿಸುತ್ತದೆ. ಈ ಎರಡನೆಯ ಗ್ರಂಥದ ಒಂದು ಪ್ರಸಂಗ ಮುಂಬಯಿಯಲ್ಲಿರುವ ನಮಗೆ ತೀರ ಹತ್ತಿರದ್ದು. ಅದರ ಮೂಲ ಇರುವುದು ಇಲ್ಲಿಯೇ, ಪರೇಲಿನಲ್ಲಿ.

1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದರು. ಆಗ ಅವರಿಗೆ ನಲವತ್ತು ವರ್ಷ. ತಾಯಂದಿರ ಮರಣದ ಕಾರಣಗಳನ್ನು ಶೋಧಿಸುವ ಕಾರ್ಯವೊಂದು ಪರೇಲಿನ ಹಾಫ್‌ಕಿನ್ ಸಂಸ್ಥೆಯಲ್ಲಿ ನಡೆಯುತ್ತಿತ್ತು. ಅದರಲ್ಲಿ ಭಾಗವಹಿಸಲೆಂದು ಬಂದವರು ಅವರು. ಸುತ್ತಲೂ ಬಟ್ಟೆ ಗಿರಣಿಗಳು, ಚಾಳುಗಳು. ಬಡ ಹೆಂಗಸರು, ಅದರಲ್ಲಿಯೂ ಗಿರಣಿಗಳಲ್ಲಿ ದುಡಿಯುವವರು, ಬಸುರಿನಲ್ಲಿ ಬಿಳಿಚಿಕೊಂಡು ಬಲಗುಂದುತ್ತಿದ್ದರು. ಎಷ್ಟೋ ಮಂದಿ ಸಾಯುತ್ತಲೂ ಇದ್ದರು. ಸೂಕ್ಷ್ಮದರ್ಶಕದ ಅಡಿಯಲ್ಲಿ ಅವರ ಕೆಂಪು ರಕ್ತಕಣಗಳು ಅಸಹಜವಾಗಿ ದೊಡ್ಡವಾಗಿ ಕಾಣುತ್ತಿದ್ದವು.

ವಿಲ್ಸ್ ಅವರ ಗಮನ ಹೋದದ್ದು ಈ ಹೆಂಗಸರ ಊಟದ ಕಡೆಗೆ. ಅವರು ಏನು ತಿನ್ನುತ್ತಾರೆ, ಏನು ತಿನ್ನುತ್ತಿಲ್ಲ ಎಂದು ವಿಚಾರಿಸಿದರು. ಇಲಿ ಮತ್ತು ಕೋತಿಗಳ ಮೇಲೆ ಪ್ರಯೋಗ ನಡೆಸಿದರು. ಕೊನೆಗೆ ಗುಣ ಕಂಡದ್ದು ‘ಮಾರ್ಮೈಟ್’ ಎಂಬ ಯೀಸ್ಟ್ ಸಾರದಿಂದ. ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟಿನಿಂದ ಮಾಡುವ ಅಗ್ಗದ ಪದಾರ್ಥ ಅದು! ಈ ಫಲಿತಾಂಶವನ್ನು ಅವರು 1931ರಲ್ಲಿ ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ಅಜ್ಞಾತ ಅಂಶಕ್ಕೆ ‘ವಿಲ್ಸ್ ಅಂಶ’ ಎಂಬ ಹೆಸರು ಬಂತು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಬಸಳೆಯಂಥ ಪಾಲಕ್ ಸೊಪ್ಪಿನಿಂದ ಒಂದು ಜೀವಸತ್ವವನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದನ್ನು ‘ಫೋಲಿಕ್ ಆಮ್ಲ’ ಎಂದು ಕರೆದರು. ಎರಡೂ ಒಂದೇ ಎಂಬುದು ಕ್ರಮೇಣ ತಿಳಿಯಿತು.

ಇನ್ನು ಕಥೆ ಬಾಸ್ಟನ್ ನಗರಕ್ಕೆ ಹೋಗುತ್ತದೆ. ಅಲ್ಲಿನ ಮಕ್ಕಳ ಆಸ್ಪತ್ರೆಯ ರೋಗಶಾಸ್ತ್ರಜ್ಞ ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರಿನಿಂದ ಸಾಯುವ ಮಕ್ಕಳನ್ನು ಕಂಡು ಚಿಂತಿತರಾಗಿದ್ದರು. ಆಗ ಆ ರೋಗಕ್ಕೆ ಔಷಧವೇ ಇರಲಿಲ್ಲ. ವಾರಗಳಲ್ಲಿ, ಹೆಚ್ಚೆಂದರೆ ತಿಂಗಳುಗಳಲ್ಲಿ, ಮಗು ಕಣ್ಮುಚ್ಚುತ್ತಿತ್ತು. ರಕ್ತಹೀನತೆಯಲ್ಲಿ ಅಸ್ಥಿಮಜ್ಜೆಯನ್ನು ಸರಿಪಡಿಸುವ ಫೋಲಿಕ್ ಆಮ್ಲ ಇಲ್ಲಿಯೂ ನೆರವಾದೀತೆಂದು ಅವರು ಪ್ರಯೋಗಿಸಿದರು. ಪರಿಣಾಮ ತಿರುಗುಮುರುಗಾಯಿತು. ರೋಗ ಇನ್ನೂ ವೇಗವಾಗಿ ಬೆಳೆಯಿತು.

ಬೇರೆಯವರು ಕೈಚೆಲ್ಲುತ್ತಿದ್ದರೇನೋ. ಫಾರ್ಬರ್ ಅದರಲ್ಲಿಯೇ ಸುಳಿವು ಕಂಡರು. ಫೋಲಿಕ್ ಆಮ್ಲ ಸಿಕ್ಕಿದರೆ ರೋಗ ಹಿಗ್ಗುವುದಾದರೆ, ಅದನ್ನು ಸಿಗದಂತೆ ಮಾಡಿದರೆ ಕುಗ್ಗಬೇಕಲ್ಲವೆ? ಹಾಗೆ ತಡೆಯುವ ರಾಸಾಯನಿಕಗಳು ಸಿದ್ಧವಾಗುತ್ತಿದ್ದುದು ನ್ಯೂಯಾರ್ಕ್ ರಾಜ್ಯದ ಲೆಡರ್ಲೆ ಪ್ರಯೋಗಾಲಯದಲ್ಲಿ. ಅಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದವರು ನಮ್ಮ ಯೆಲ್ಲಾಪ್ರಗಡ ಸುಬ್ಬರಾವ್. ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಶಾಸ್ತ್ರ ಓದಿ, ಹಾರ್ವರ್ಡಿನಲ್ಲಿ ದುಡಿದರೂ ಅಲ್ಲಿ ಕಾಯಂ ಹುದ್ದೆ ದೊರೆಯದೆ, 1940ರಲ್ಲಿ ಲೆಡರ್ಲೆ ಸೇರಿದ ಮಹನೀಯರು. ಅವರ ತಂಡ ಕಳಿಸಿದ ‘ಅಮಿನೋಪ್ಟೆರಿನ್’ ಅನ್ನು 1947ರ ಡಿಸೆಂಬರ್ ಕೊನೆಯಲ್ಲಿ ಎರಡು ವರ್ಷದ ಮಗುವೊಂದಕ್ಕೆ ಕೊಡಲಾಯಿತು. ಊದಿದ ಹೊಟ್ಟೆ ಇಳಿಯಿತು, ಮಗು ಎದ್ದು ನಡೆಯಿತು.

ಈ ಔಷಧದ ಕೆಲಸವನ್ನು ಬೀಗ-ಕೀಲಿಗಳ ಹೋಲಿಕೆಯಿಂದ ತಿಳಿಯಬಹುದು. ಜೀವಕೋಶ ಇಬ್ಭಾಗವಾಗುವ ಮುನ್ನ ತನ್ನ ಡಿಎನ್‌ಎಯ ಪ್ರತಿ ತಯಾರಿಸಬೇಕು. ಅದಕ್ಕೆ ಫೋಲಿಕ್ ಆಮ್ಲ ಬೇಕು. ಅಮಿನೋಪ್ಟೆರಿನ್ ನೋಡಲು ಅದರಂತೆಯೇ ಇರುವ ಕಳ್ಳ ಕೀಲಿ. ಬೀಗದೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ತೆರೆಯುವುದಿಲ್ಲ. ನಿಜವಾದ ಕೀಲಿಗೆ ಜಾಗವಿಲ್ಲ. ಬಿಡುವಿಲ್ಲದೆ ಇಮ್ಮಡಿಸುವ ಕ್ಯಾನ್ಸರ್ ಕೋಶಗಳಿಗೆ ಮೊದಲ ಪೆಟ್ಟು ಬೀಳುತ್ತದೆ.

1948ರ ಜೂನ್ 3ರಂದು ಫಾರ್ಬರ್ ಅವರ ಲೇಖನ ಪ್ರಕಟವಾಯಿತು. 16 ಮಕ್ಕಳಲ್ಲಿ 10 ಮಂದಿ ಚೇತರಿಸಿದ್ದರು. ಚೇತರಿಕೆ ತಾತ್ಕಾಲಿಕ, ರೋಗ ಮರಳಿತು. ಆದರೂ ರಕ್ತದ ಕ್ಯಾನ್ಸರನ್ನು ರಾಸಾಯನಿಕದಿಂದ ಹಿಮ್ಮೆಟ್ಟಿಸಬಹುದೆಂಬುದು ಖಚಿತವಾಯಿತು. ಲೇಖಕರ ಪಟ್ಟಿಯಲ್ಲಿ ಸುಬ್ಬರಾಯರ ಹೆಸರಿರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಅವರು ತೀರಿಕೊಂಡರು.

ಅಮಿನೋಪ್ಟೆರಿನ್ನಿನ ಸೋದರ ಔಷಧವೇ ಮೆಥೊಟ್ರೆಕ್ಸೇಟ್. 1956ರಲ್ಲಿ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಜ್ ಅದರಿಂದ ಗರ್ಭದ ಮಾಸಿನಲ್ಲಿ ಹುಟ್ಟುವ ಒಂದು ಕ್ಯಾನ್ಸರಿಗೆ ಚಿಕಿತ್ಸೆ ನೀಡಿದ ವರದಿ ಬಂತು. ಆ ಹೆಂಗಸರಲ್ಲಿ ಕೆಲವರು ಪೂರ್ಣ ಗುಣ ಹೊಂದಿದರು. ಬಸುರಿಯರ ರಕ್ತಹೀನತೆಯಿಂದ ಹೊರಟ ಶೋಧ ತಿರುಗಿ ತಾಯಂದಿರ ಬಳಿಗೇ ಬಂದಂತಾಯಿತು. ಇಂದು ಮುಂದುವರಿದ ದೇಶಗಳಲ್ಲಿ ಲಿಂಫ್ ಕಣಗಳ ತೀವ್ರ ರಕ್ತ ಕ್ಯಾನ್ಸರ್ ತಗಲಿದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ಅನೇಕ ಔಷಧಗಳ ಜತೆಗೆ ಅವರಿಗೆ ಇಂದಿಗೂ ಮೆಥೊಟ್ರೆಕ್ಸೇಟ್ ಕೊಡುತ್ತಾರೆ.

ವಿಲ್ಸ್ ತಮ್ಮ ಲೇಖನ ಪ್ರಕಟಿಸಿದ 1931ರಲ್ಲಿಯೇ ಲೇಡಿ ಮೆಹೆರ್‌ಬಾಯಿ ಟಾಟಾ ರಕ್ತದ ಕ್ಯಾನ್ಸರಿನಿಂದ ನಿಧನರಾದರು. ಹತ್ತು ವರ್ಷಗಳ ನಂತರ, 1941ರ ಫೆಬ್ರವರಿ 28ರಂದು, ಅದೇ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಊರಿನಿಂದ ಬಂದ ನಂಟರಿಷ್ಟರನ್ನು ಅಲ್ಲಿಗೆ ಕರೆದೊಯ್ದ ಅನುಭವ ನಮ್ಮಲ್ಲಿ ಅನೇಕರಿಗಿದೆ. ಸಮೀಪದ ಹಾಫ್‌ಕಿನ್ ಸಂಸ್ಥೆಗೂ ಅಲ್ಲಿನ ಮಕ್ಕಳ ವಾರ್ಡಿಗೂ ಇರುವ ನಂಟು ಮಾತ್ರ ಹೆಚ್ಚು ಜನರಿಗೆ ತಿಳಿಯದು.

ವಿಜ್ಞಾನ ಪದವಿ ಪಡೆದು ಕಡತಗಳ ನಡುವೆ ಕಾಲ ಕಳೆಯುವ ನನ್ನಂಥವನಿಗೆ ಈ ಇತಿಹಾಸದಿಂದ ಮನವರಿಕೆಯಾಗುವುದು ಇಷ್ಟು: ಕ್ಯಾನ್ಸರಿನ ಔಷಧ ಹುಡುಕಲು ಲೂಸಿ ವಿಲ್ಸ್ ಮುಂಬಯಿಗೆ ಬಂದವರಲ್ಲ. ಬಡವರ ತಟ್ಟೆಯಲ್ಲಿ ಏನಿಲ್ಲವೆಂದು ನೋಡಲು ಬಂದವರು. ಸಂಶೋಧನೆಗೆ ಹಣ ಒದಗಿಸುವವರು ‘ಇದರಿಂದ ಏನು ಪ್ರಯೋಜನ?’ ಎಂದು ಕೇಳುವಾಗ ಇದನ್ನು ನೆನೆಯುವುದು ಒಳ್ಳೆಯದು. ಗ್ರಂಥಗಳಲ್ಲಿ ಫಾರ್ಬರ್ ಇದ್ದಾರೆ, ಸುಬ್ಬರಾಯರಿದ್ದಾರೆ, ವಿಲ್ಸ್ ಇದ್ದಾರೆ. ತಮ್ಮ ರಕ್ತ ಪರೀಕ್ಷೆಗೆ ಕೈಚಾಚಿದ ಗಿರಣಿಯ ಹೆಂಗಸರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಕಬ್ಬಿಣಾಂಶದೊಡನೆ ಕೊಡುವ ಫೋಲಿಕ್ ಆಮ್ಲದ ಮಾತ್ರೆಯೂ ಅವರಿಂದಲೇ ಬಂದದ್ದು.