ಮೊಗಲರ ಮಹಾವಜ್ರವು ಎಷ್ಟು ತೂಗುತ್ತಿದ್ದಿತು?

ಲೇಶಮಾತ್ರವೂ ಇಲ್ಲವೆನ್ನಬೇಕಾದಾಗ ನಮ್ಮ ಜನರು 'ಗುಲಗಂಜಿ ತೂಕದಷ್ಟೂ ಇಲ್ಲ' ಎನ್ನುವುದುಂಟು. ಕೆಂಪು ಮೈ, ಕಪ್ಪು ಮೂತಿಯ ಆ ಬೀಜವನ್ನು ಕಾಣದವರು ನಮ್ಮಲ್ಲಿ ಅಪೂರ್ವ. ಹಿಂದೆ ನಮ್ಮ ಅಕ್ಕಸಾಲೆಯ ತ್ರಾಸಿಗೆ ಅದು ಕಿರಿಯ ಬಟ್ಟಾಗಿದ್ದಿತು. ಉತ್ತರ ಹಿಂದೂಸ್ಥಾನದವರು ಅದನ್ನೇ ರತ್ತಿ ಎಂದು ಕರೆದರು. ಈ ಬೀಜದ ತೂಕ ಇಷ್ಟೇ ಎಂದು ನಿಶ್ಚಯಿಸಲಾರದೆ ವಿದ್ವಾಂಸರು ತಲೆಮಾರುಗಳ ಕಾಲ ಒಂದು ವಜ್ರದ ವಿಷಯದಲ್ಲಿ ವಾದಿಸಿದ ಕಥೆಯನ್ನು ಇಂದು ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇನೆ.

ಕೃಷ್ಣಾ ನದಿಯ ಬಲದಂಡೆಯಲ್ಲಿ ಕೊಲ್ಲೂರು ಎಂಬ ಗ್ರಾಮವಿದ್ದಿತು. ಈಗ ಪುಲಿಚಿಂತಲ ಅಣೆಕಟ್ಟಿನ ನೀರು ಅದನ್ನು ಮುಚ್ಚಿದೆ. ಹದಿನೇಳನೆಯ ಶತಮಾನದಲ್ಲಿ ಗೋಲ್ಕೊಂಡ ರಾಜ್ಯದ ಮಹಾ ವಜ್ರದ ಗಣಿ ಅಲ್ಲಿಯೇ ಇದ್ದಿತು. ಆ ಗಣಿಯನ್ನು ಕಣ್ಣಾರೆ ಕಂಡ ಫ್ರೆಂಚ್ ರತ್ನವರ್ತಕ ಟಾವರ್ನಿಯೆಯು ಅದು ಪತ್ತೆಯಾದ ಬಗೆಯನ್ನು ಬರೆದಿಟ್ಟಿದ್ದಾನೆ. ತನ್ನ ಕಾಲಕ್ಕೆ ಸುಮಾರು ನೂರು ವರ್ಷ ಹಿಂದೆ ಬಡವನೊಬ್ಬನು ಬಿತ್ತನೆಗಾಗಿ ನೆಲವನ್ನು ಅಗೆಯುತ್ತಿರುವಾಗ ಹರಳೊಂದು ಸಿಕ್ಕಿತಂತೆ. ಅದು ಏನೆಂದು ಅವನಿಗೆ ತಿಳಿಯದು. ಆದರೂ ಬಿಸಾಡದೆ ಗೋಲ್ಕೊಂಡದ ವರ್ತಕನೊಬ್ಬನಲ್ಲಿಗೆ ಒಯ್ದನು. ತೂಗಿ ನೋಡಿದರೆ ಸುಮಾರು ಇಪ್ಪತ್ತೈದು ಕ್ಯಾರೆಟ್ಟಿನ ವಜ್ರ! ಅಂದಿನವರೆಗೆ ಹತ್ತು ಹನ್ನೆರಡು ಕ್ಯಾರೆಟ್ಟಿನ ಹರಳನ್ನೇ ದೊಡ್ಡದೆಂದು ಎಣಿಸಿದ್ದ ವರ್ತಕನು ಬೆರಗಾದನು. ಟಾವರ್ನಿಯೆಯು ಹೋಗುವ ವೇಳೆಗೆ ಆ ನೆಲದಲ್ಲಿ ಅರವತ್ತು ಸಾವಿರ ಜನರು, ಗಂಡಸರು ಹೆಂಗಸರು ಮಕ್ಕಳು, ದುಡಿಯುತ್ತಿದ್ದರೆಂದು ಅವನ ಲೆಕ್ಕ.

ಸಿಕ್ಕಿದ ಹರಳಿನ ಬೆಲೆಯನ್ನು ನಿರ್ಣಯಿಸುವ ಕ್ರಮವೂ ಕೇಳತಕ್ಕದ್ದೇ. ವಿಜಾಪುರದಿಂದ ಎಂಟೊಂಬತ್ತು ದಿನದ ಹಾದಿಯಲ್ಲಿದ್ದ ಮತ್ತೊಂದು ಗಣಿಯನ್ನು ಅವನು ರಾವಲ್ಕೊಂಡವೆಂದು ಕರೆಯುತ್ತಾನೆ. ಅದು ಕರ್ನೂಲಿನ ಬಳಿಯ ರಾಮಳ್ಳಕೋಟವೆಂದು ಪಂಡಿತರು ಗುರುತಿಸಿದ್ದಾರೆ. ಅಲ್ಲಿ ಬೆಳಗಾಗುತ್ತಲೇ ವರ್ತಕರ ಮಕ್ಕಳು ಊರ ನಡುವಣ ಮರದ ಕೆಳಗೆ ಬಂದು ಕೂರುವರು. ಹತ್ತು ವರ್ಷದಿಂದ ಹದಿನಾರರ ಒಳಗಿನ ಹುಡುಗರು. ಒಂದು ಪಕ್ಕಕ್ಕೆ ಬಟ್ಟುಗಳ ಚೀಲ, ಇನ್ನೊಂದು ಪಕ್ಕಕ್ಕೆ ವರಹಗಳ ಚೀಲ. ಯಾರಾದರೂ ಹರಳನ್ನು ತಂದರೆ ಅವರಲ್ಲಿ ಹಿರಿಯನು ಅದನ್ನು ನೋಡಿ ಪಕ್ಕದವನಿಗೆ ಕೊಡುವನು. ಮಾತಿಲ್ಲದೆ ಹರಳು ಕೈಯಿಂದ ಕೈಗೆ ದಾಟಿ ಮರಳಿ ಮೊದಲಿನವನಲ್ಲಿಗೆ ಬರುವುದು. ಆಗ ಅವನು ಬೆಲೆ ಕೇಳುವನು. ಹೆಚ್ಚು ಕೊಟ್ಟು ಕೊಂಡನೋ, ನಷ್ಟ ಅವನದು. ನಮ್ಮ ಕಾಲೇಜಿನ ತರುಣರು ಗಣಿತದ ಪರೀಕ್ಷೆಯಲ್ಲಿ ತೋರುವ ತಾಳ್ಮೆಯನ್ನು ಇದರೊಡನೆ ಹೋಲಿಸಿ ನೋಡುವ ಆಸೆ ನನಗೆ ಆಗಾಗ್ಗೆ ಬರುವುದುಂಟು.

ಆ ಹುಡುಗರು ಬಳಸಿದ ತೂಕದ ಹೆಸರು ಮಂಜಾಲಿ. ಪೋರ್ಚುಗೀಸರ ಬಾಯಲ್ಲಿ ಅದು ಮಾಂಗೆಲಿನ್ ಆಯಿತು. ನಾವು ಆನೆಗುಲಗಂಜಿ ಎನ್ನುವ ಬೀಜವೇ ಅದರ ಮೂಲ. ವಿಜಯನಗರದಲ್ಲಿ ನೆಲಸಿದ್ದ ನೂನಿಜನು ೧೫೩೫ರ ಸುಮಾರಿನಲ್ಲಿ ಬರೆದಂತೆ, ವಜ್ರದ ಗಣಿಗಳನ್ನು ಗುತ್ತಿಗೆ ಹಿಡಿದಿದ್ದ ಅಡಪದ ನಾಯಕನು ಇಪ್ಪತ್ತು ಮಾಂಗೆಲಿನ್ ಮೀರಿದ ಹರಳುಗಳನ್ನೆಲ್ಲ ರಾಯರ ಭಂಡಾರಕ್ಕೆ ಒಪ್ಪಿಸಬೇಕಾಗಿದ್ದಿತು. ಹಾಗಾದರೆ ಮಾಂಗೆಲಿನ್ ಎಂದರೆ ಎಷ್ಟು? ಟಾವರ್ನಿಯೆಯು ಕೊಡುವ ಉತ್ತರ ಒಂದಲ್ಲ, ಮೂರು. ಗಣಿಗಳಲ್ಲಿ ಅದು ೧¾ ಕ್ಯಾರೆಟ್, ಅಂದರೆ ಏಳು ಗ್ರೇನ್. ಗೋಲ್ಕೊಂಡ ವಿಜಾಪುರ ರಾಜ್ಯಗಳ ಪೇಟೆಗಳಲ್ಲಿ ೧⅜ ಕ್ಯಾರೆಟ್. ಗೋವೆಯಲ್ಲಿ ಬರಿಯ ಐದು ಗ್ರೇನ್. ಹೆಸರು ಒಂದೇ, ಊರು ಬದಲಾದರೆ ತೂಕ ಬದಲು. ಈ ಸಂಗತಿಯನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಈಗ ದೆಹಲಿಗೆ ಬರೋಣ. ೧೬೬೫ನೆಯ ನವೆಂಬರ್ ೨ರಂದು ಔರಂಗಜೇಬನ ಅಪ್ಪಣೆಯಂತೆ ಟಾವರ್ನಿಯೆಗೆ ಅರಮನೆಯ ರತ್ನಗಳನ್ನು ತೋರಿಸಿದರು. ಭಂಡಾರದ ಅಧಿಕಾರಿ ಆಕಿಲ್ ಖಾನನು ಅರಗಿನ ಬಣ್ಣದ ಎರಡು ಮರದ ತಟ್ಟೆಗಳನ್ನು ತರಿಸಿದನು. ಮೂರು ಸಲ ಎಣಿಕೆಯಾಯಿತು. ಮೂವರು ಕರಣಿಕರು ಪಟ್ಟಿ ಬರೆದರು. ಮೊಟ್ಟಮೊದಲು ಖಾನನು ಅತಿಥಿಯ ಕೈಗೆ ಇಟ್ಟುದು ಮಹಾವಜ್ರವನ್ನು: ಒಂದು ಕಡೆ ಬಹಳ ಎತ್ತರ, ದುಂಡನೆಯ ಆಕಾರ, ಮೊಟ್ಟೆಯನ್ನು ನಡುವೆ ಕತ್ತರಿಸಿದಂತೆ, ಬುಡದ ಅಂಚಿನಲ್ಲಿ ಸಣ್ಣ ಕಚ್ಚು, ನೀರು ಸೊಗಸು. ತೂಗಲು ಅವನಿಗೆ ಅನುಮತಿ ದೊರೆಯಿತು. ತೂಕ ೩೧೯½ ರತ್ತಿ. ರತ್ತಿಯೆಂದರೆ ಕ್ಯಾರೆಟ್ಟಿನ ಎಂಟರಲ್ಲಿ ಏಳು ಪಾಲೆಂದು ಹಿಡಿದು ಅವನು ೨೭೯ ೯/೧೬ ಕ್ಯಾರೆಟ್ ಎಂದು ಬರೆದುಕೊಂಡನು. ತೂಕದ ವರ್ಗವನ್ನು ಒಂದು ಕ್ಯಾರೆಟ್ಟಿನ ಬೆಲೆಯಿಂದ ಗುಣಿಸಿ ಬೆಲೆ ಕಟ್ಟುವುದು ಅಂದಿನ ವಜ್ರವ್ಯಾಪಾರದ ಪದ್ಧತಿ. ಹಾಗೆ ಕ್ಯಾರೆಟ್ಟಿಗೆ ೧೫೦ ಲಿವ್ರ್‌ನಂತೆ ಅವನು ಕಟ್ಟಿದ ಬೆಲೆ ೧,೧೭,೨೩,೨೭೮ ಲಿವ್ರ್ ಮತ್ತು ಚಿಲ್ಲರೆ. ಆ ಚಿಲ್ಲರೆಯನ್ನೂ ಬಿಡದೆ ಬರೆದವನು ನಿಜವಾದ ವರ್ತಕ.

ಕೊಲ್ಲೂರಿನ ಈ ಹರಳನ್ನು ಮೀರ್ ಜುಮ್ಲಾನು ಷಹಜಹಾನನಿಗೆ ಒಪ್ಪಿಸಿದಾಗ ಅದು ೯೦೦ ರತ್ತಿ ತೂಗುತ್ತಿದ್ದಿತಂತೆ. ಅದನ್ನು ಸಾಣೆ ಹಿಡಿದವನು ವೆನಿಸ್ಸಿನ ಹೊರ್ಟೆನ್ಸಿಯೋ ಬೋರ್ಜಿಯೋ. ಸೀಳಿ ತೆಗೆದಿದ್ದರೆ ಒಳ್ಳೆಯ ತುಂಡುಗಳು ಉಳಿಯುತ್ತಿದ್ದುವು. ಅವನು ಎಲ್ಲವನ್ನೂ ಉಜ್ಜಿ ಪುಡಿ ಮಾಡಿದನು. ಕೂಲಿಯ ಬದಲು ಅವನಿಗೆ ಹತ್ತು ಸಾವಿರ ರೂಪಾಯಿ ದಂಡ ಬಿದ್ದಿತು. ಇನ್ನೂ ಇದ್ದಿದ್ದರೆ ಇನ್ನೂ ಕಿತ್ತುಕೊಳ್ಳುತ್ತಿದ್ದರೆಂದು ಟಾವರ್ನಿಯೆಯ ಮಾತು.

೧೭೩೯ರಲ್ಲಿ ನಾದಿರ್ ಷಹನು ದೆಹಲಿಯನ್ನು ಸೂರೆಗೊಂಡ ಮೇಲೆ ಆ ಲಕ್ಷಣದ, ೨೮೦ ಕ್ಯಾರೆಟ್ಟಿನ ವಜ್ರ ಎಲ್ಲಿಯೂ ಕಾಣಿಸಲಿಲ್ಲ. ಅದು ಏನಾಯಿತು? ಇಲ್ಲಿಂದ ವಾದ ಆರಂಭ.

ಬಾಬರನು ತನ್ನ ಆತ್ಮಕಥೆಯಲ್ಲಿ, ೧೫೨೬ರಲ್ಲಿ ಆಗ್ರಾದಲ್ಲಿ ಗ್ವಾಲಿಯರಿನ ರಾಜಮನೆತನದವರು ಹುಮಾಯೂನನಿಗೆ ಕೊಟ್ಟ ವಜ್ರವೊಂದು ಎಂಟು ಮಿಸ್ಕಾಲ್ ತೂಗುತ್ತಿದ್ದಿತೆಂದು ಹೇಳಿದ್ದಾನೆ. ಮಿಸ್ಕಾಲಿಗೆ ನಲವತ್ತು ರತ್ತಿ ಎಂಬ ಕೋಷ್ಟಕವೂ ಅದೇ ಗ್ರಂಥದಲ್ಲಿದೆ. ಎಂಟು ನಲವತ್ತಲೆ ಮುನ್ನೂರ ಇಪ್ಪತ್ತು! ಟಾವರ್ನಿಯೆಯ ಸಂಖ್ಯೆಗೂ ಇದಕ್ಕೂ ಅರ್ಧ ರತ್ತಿಯ ಅಂತರ. ೧೮೫೦ರಲ್ಲಿ ವಿಕ್ಟೋರಿಯಾ ರಾಣಿಯ ಕೈಸೇರಿದ ಕೊಹಿನೂರು ಆಗ ತೂಗುತ್ತಿದ್ದುದು ಹಳೆಯ ಕ್ಯಾರೆಟ್ಟಿನಲ್ಲಿ ೧೮೬ಕ್ಕೆ ತುಸು ಹೆಚ್ಚು. ೩೨೦ ರತ್ತಿ ಎಂದರೆ ಇಷ್ಟೇ ಎಂದು ಮಾಸ್ಕೆಲೈನನು ಲೆಕ್ಕ ಹಾಕಿ ಬಾಬರನ ವಜ್ರವೇ ಕೊಹಿನೂರೆಂದನು. ೧೮೮೯ರಲ್ಲಿ ಟಾವರ್ನಿಯೆಯನ್ನು ಇಂಗ್ಲಿಷಿಗೆ ತಂದ ವ್ಯಾಲೆಂಟೈನ್ ಬಾಲನು ಒಪ್ಪಲಿಲ್ಲ. ೨೮೦ ಕ್ಯಾರೆಟ್ಟಿನ ಮಹಾವಜ್ರವನ್ನೇ ಯಾರೋ ಒಡೆದು ಕುಗ್ಗಿಸಿದ್ದರಿಂದ ಕೊಹಿನೂರಾಯಿತೆಂಬುದು ಅವನ ಪಕ್ಷ.

ನನಗೆ ತೋರುವುದನ್ನು ಹೇಳುತ್ತೇನೆ. ಟಾವರ್ನಿಯೆಯು ತೂಗಿದುದರಲ್ಲಿ ಸಂಶಯವಿಲ್ಲ. ರತ್ತಿಯನ್ನು ಕ್ಯಾರೆಟ್ಟಿಗೆ ತಿರುಗಿಸಿದುದರಲ್ಲಿ ಸಂಶಯವಿದೆ. ಊರೂರಿಗೆ ಮಾಂಗೆಲಿನ್ ಬದಲಾಗುವುದನ್ನು ಕಂಡವನು ರತ್ತಿಯೊಂದು ಮಾತ್ರ ಎಲ್ಲೆಡೆಯೂ ಸಮವೆಂದು ಏಕೆ ನಂಬಿದನೋ! ತೊಲಕ್ಕೆ ೯೬ ರತ್ತಿ. ೧೮೩೩ರಲ್ಲಿ ಕಂಪೆನಿಯವರು ತೊಲವನ್ನು ೧೮೦ ಗ್ರೇನ್ ಎಂದು ಗೊತ್ತುಪಡಿಸಿದರು. ಈ ಪ್ರಕಾರ ರತ್ತಿಗೆ ೧.೮೭೫ ಗ್ರೇನ್, ೩೧೯½ ರತ್ತಿಗೆ ಸುಮಾರು ೫೯೯ ಗ್ರೇನ್, ಅಂದರೆ ೩೮.೮ ಗ್ರಾಂ. ಈಗಿನ ಕ್ಯಾರೆಟ್ ಗ್ರಾಮಿನ ಐದನೆಯ ಒಂದು ಪಾಲಾದುದರಿಂದ ಮಹಾವಜ್ರದ ತೂಕ ಸುಮಾರು ೧೯೪ ಕ್ಯಾರೆಟ್. ತೊಲವು ಕಾಲಕಾಲಕ್ಕೆ ಏರಿಳಿದಿರುವುದರಿಂದ ಐದಾರು ಕ್ಯಾರೆಟ್ ಆಚೀಚೆ ಹಿಡಿಯಬೇಕು. ಲಿವ್ರ್‌ಗಳ ಆ ದೊಡ್ಡ ಮೊತ್ತ ಅರ್ಧಕ್ಕಿಂತಲೂ ಕಡಮೆಯಾಗುವುದು. ಬೋರ್ಜಿಯೋವಿನ ಪಾಡು ಮಾತ್ರ ಬದಲಾಗದು: ರತ್ತಿ ಹಿರಿದೋ ಕಿರಿದೋ, ೯೦೦ರಲ್ಲಿ ೫೮೦½ ಪುಡಿಯಾದುದು ಪುಡಿಯೇ.

ಸುಮಾರು ೧೯೦ ಕ್ಯಾರೆಟ್ಟಿನ, ಅರ್ಧ ಮೊಟ್ಟೆಯ ಆಕಾರದ ಭಾರತದ ವಜ್ರವೊಂದು ಮಾಸ್ಕೋವಿನ ಕ್ರೆಮ್ಲಿನ್ನಿನಲ್ಲಿದೆ. ಎರಡನೆಯ ಕ್ಯಾಥರೀನಳಿಗೆ ಓರ್ಲೋವ್ ಪ್ರಭುವು ಅರ್ಪಿಸಿದ ಆ ಹರಳು ರಾಜದಂಡದ ತುದಿಯಲ್ಲಿ ಕುಳಿತಿದೆ. ಶ್ರೀರಂಗದ ರಂಗನಾಥನ ಕಣ್ಣಿನಿಂದ ಫ್ರೆಂಚ್ ಸಿಪಾಯಿಯೊಬ್ಬನು ಅದನ್ನು ಕಿತ್ತನೆಂಬ ಕಥೆ ರಂಜಕವಾದುದು. ಅದಕ್ಕಿಂತ ಹೆಚ್ಚಿನ ಗೌರವವನ್ನು ಅದಕ್ಕೆ ಕೊಡಲಾರೆ. ರಾಜದಂಡದಲ್ಲಿ ಕೂರಿಸಿದ ಹರಳನ್ನು ತ್ರಾಸಿಗೆ ಹಾಕುವಂತಿಲ್ಲ. ಉದ್ದ ಅಗಲ ಎತ್ತರಗಳನ್ನು ಅಳೆದು, ಗಾತ್ರವನ್ನು ಕಂಡುಹಿಡಿದು, ವಜ್ರವು ನೀರಿಗಿಂತ ೩.೫೨ ಪಟ್ಟು ಭಾರವೆಂಬುದರಿಂದ ಗುಣಿಸಬೇಕು. ಓರ್ಲೋವಿಗೆ ಸಾಮಾನ್ಯವಾಗಿ ಹೇಳುವ ತೂಕ ೧೮೯.೬೨ ಕ್ಯಾರೆಟ್. ಇದೇ ಮಹಾವಜ್ರವೆಂಬ ಅಭಿಪ್ರಾಯವೇ ಈಗ ಬಲವಾಗಿದೆ. ನನ್ನ ಮತವೂ ಅದೇ.

ಕೊಹಿನೂರಿನ ಹಳೆಯ ತೂಕವನ್ನು ಈಗಿನ ಮಾನಕ್ಕೆ ತಂದರೆ ೧೯೧ ಕ್ಯಾರೆಟ್. ಎರಡು ಹರಳುಗಳೂ ತೂಕದಲ್ಲಿ ಬಹುಮಟ್ಟಿಗೆ ಸಮವಾದುದರಿಂದಲೇ ಇಷ್ಟು ಗೊಂದಲ. ಬೇರ್ಪಡಿಸುವುದು ಆಕಾರ: ಕೊಹಿನೂರು ಚಪ್ಪಟೆ, ಓರ್ಲೋವ್ ಎತ್ತರ. ಆದರೆ ೧೮೫೨ರಲ್ಲಿ ಲಂಡನ್ನಿನಲ್ಲಿ ಕೊಹಿನೂರನ್ನು ಮತ್ತೆ ಸಾಣೆ ಹಿಡಿಸಿ ೧೦೫.೬ ಕ್ಯಾರೆಟ್ಟಿಗೆ ಇಳಿಸಿದರು. ಅದರ ಮೊದಲಿನ ಆಕಾರವನ್ನು ನೋಡಬೇಕೆನ್ನುವವರಿಗೆ ಈಗ ಉಳಿದಿರುವುದು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿರುವ ಗಾರೆಯ ಅಚ್ಚು.